ಲೈಬ್ರರಿ ಸಿಗ್ತಿಲ್ಲ ಸಾರ್

ಮೊದಲಿಗೇ ಒಂದು ತಪ್ಪೊಪ್ಪಿಗೆ. ಕನ್ನಡದ ಮೇಲಿನ ಅಭಿಮಾನದಿಂದ ಈ ಕೆಲಸ ಒಪ್ಪಿಕೊಂಡ್ವಿ ಅಂತ ಕ್ಲಬ್ಬಿನ ಮೀಟಿಂಗಿನಲ್ಲಿ ಹೇಳಿದ್ದು ಅರ್ಧ ಸುಳ್ಳು. ಅರವತ್ನಾಲ್ಕು ಪುಟ ಕನ್ನಡ ಟೈಪ್ ಮಾಡೋದನ್ನ ತಪ್ಪಿಸಿಕೊಳ್ಳೋಕೆ ಅನ್ನೋದು ಉಳಿದರ್ಧ.

ವಿಷಯ ಇಷ್ಟು. ನಮ್ಮ ಕಾಲೇಜು ಲೈಬ್ರರಿಯ ಒಳಗಿನ ಬೀರುವಿನಲ್ಲಿ 1989ರ ವಾರ್ಷಿಕ ಸಂಚಿಕೆಯ ಪ್ರತಿ ಒಂದಿದೆ. ಒಂದೇ ಒಂದು. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ್ದು, ಹಾಳೆ ಟೀ ಬಣ್ಣಕ್ಕೆ ತಿರುಗಿದೆ, ಮಡಚಿದರೆ ಮುರಿಯುತ್ತೆ. ಅದರ ಬರಹಗಳನ್ನ ನಮ್ಮ ಆನ್‌ಲೈನ್ ಪತ್ರಿಕೆಗೆ ಹಾಕೋಣ ಅಂತ ಕ್ಲಬ್ಬಿನವರು ತೀರ್ಮಾನ ಮಾಡಿದ್ರು. ಲೈಬ್ರರಿ ಸಾರ್ ಅದನ್ನ ಹೊರಗೆ ಕೊಡೋ ಹಾಗಿಲ್ಲ. ಆದ್ರೂ ಶುಕ್ರವಾರ ಸಂಜೆ, "ಸೋಮವಾರ ಬೆಳಿಗ್ಗೆ ಬೀರುವಿನಲ್ಲಿ ಇರಬೇಕು ಕಣ್ರಪ್ಪಾ, ಓದೋ ಕೋಣೆ ಬಿಟ್ಟು ಆಚೆ ಹೋಗಬಾರದು" ಅಂತ ಹೇಳಿ ಹೊರಗೆ ತೆಗೆದು ಕೊಟ್ಟರು. ಮುಂದಿನ ವಾರ ಹಳೇ ಪುಸ್ತಕಗಳೆಲ್ಲ ಬೈಂಡಿಂಗಿಗೆ ಹೋಗುತ್ತಿದ್ದವು. ವಾಪಸ್ ಯಾವಾಗ ಬರುತ್ತೋ ಯಾರಿಗೂ ಗೊತ್ತಿರಲಿಲ್ಲ.

ನಾವು ಅಂದ್ರೆ ಮೂರು ಜನ. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಓದೋಕೆ ಬರುತ್ತೆ, ಬಸ್ಸಿನ ಬೋರ್ಡ್ ಓದೋ ಸ್ಪೀಡಿನಲ್ಲಿ. ಟೈಪ್ ಮಾಡೋದು ಅಂದ್ರೆ ಇಂಗ್ಲಿಷ್ ಕೀಬೋರ್ಡಿನಲ್ಲಿ ತಡಕಾಡಿ ಒಂದು ಪುಟಕ್ಕೆ ಒಂದು ಗಂಟೆ. ಅದನ್ನ ಯಾರಿಗೂ ಹೇಳಲಿಲ್ಲ. "ಎಲ್ಲಾ ಓಸಿಆರ್ ಮಾಡಿಬಿಡ್ತೀವಿ, ಟೆಸರಾಕ್ಟ್ ಇದೆಯಲ್ಲ" ಅಂದ್ವಿ. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದ್ರು. ಅರ್ಥವಾಗದ ಹೆಸರು ಹೇಳಿದ್ರೆ ಜನ ಬೇಗ ಒಪ್ಕೋತಾರೆ.

ಟೆಸರಾಕ್ಟ್ ಚಿತ್ರದಲ್ಲಿರೋ ಅಕ್ಷರಗಳನ್ನ ಓದಿ ಪಠ್ಯ ಮಾಡಿಕೊಡೋ ಸಾಫ್ಟ್‌ವೇರ್. ಎಚ್‌ಪಿ ಕಂಪನಿಯಲ್ಲಿ 1985ರಿಂದ 1994ರವರೆಗೆ ಬೆಳೆದದ್ದು, 2005ರಲ್ಲಿ ಓಪನ್ ಸೋರ್ಸ್ ಆಯ್ತು, 2006ರಿಂದ ಹಲವು ವರ್ಷ ಗೂಗಲ್ ನೋಡಿಕೊಂಡಿತು. ಅಂದ್ರೆ ನಮ್ಮ ಸಂಚಿಕೆಗೆ ಇಲ್ಲಿ ಯಾರೋ ಮೊಳೆ ಜೋಡಿಸ್ತಿದ್ದಾಗಲೇ ಅಲ್ಲಿ ಯಾರೋ ಅದನ್ನ ಬರೀತಿದ್ರು. ಕನ್ನಡದ ಡೇಟಾ ಫೈಲೂ ಅದಕ್ಕಿದೆ.

ಓದೋ ಕೋಣೆಯ ಮೂಲೆಯ ಮೇಜು ಹಿಡಿದು, ಲೈಬ್ರರಿಯ ಸ್ಕ್ಯಾನರಿನಲ್ಲೇ ಪುಟಗಳನ್ನೆಲ್ಲ ಪಿಎನ್‌ಜಿ ಮಾಡಿಕೊಂಡ್ವಿ. ಇದ್ದದ್ದು ಒಂದೇ ಲಿನಕ್ಸ್ ಲ್ಯಾಪ್‌ಟಾಪ್, ಉಬುಂಟು 22.04. ಆಪ್ಟ್ ಇನ್‌ಸ್ಟಾಲ್ ಅಂತ ಹೊಡೆದ್ವಿ, ಎರಡು ನಿಮಿಷಕ್ಕೆ ಟೆಸರಾಕ್ಟ್ ಬಂತು, ಕನ್ನಡದ ಫೈಲೂ ಬಂತು. ಮೊದಲ ಪುಟ ಓದಿಸಿದ್ರೆ ಪರವಾಗಿಲ್ಲ ಅನ್ನೋ ಹಾಗೆ ಓದಿತು. ಅಲ್ಲಲ್ಲಿ ಒತ್ತಕ್ಷರ ಎಗರಿಸಿತ್ತು, ಅಷ್ಟೇ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಇರ್ತಿರಲಿಲ್ಲ.

ನಮ್ಮಲ್ಲೊಬ್ಬ ವರ್ಷನ್ ನೋಡಿದ. 4.1.1. "ಅಯ್ಯೋ, 5 ಬಂದು ಎಷ್ಟೋ ಕಾಲ ಆಯ್ತು. ಹೊಸದು ಹಾಕಿದ್ರೆ ತಪ್ಪು ಕಮ್ಮಿಯಾಗುತ್ತೆ" ಅಂದ. 22.04ರ ಭಂಡಾರದಲ್ಲಿ 5 ಇಲ್ಲ. ಸೋರ್ಸ್ ಇಳಿಸಿಕೊಂಡು ನಾವೇ ಕಂಪೈಲ್ ಮಾಡೋದು ಅಂತಾಯ್ತು. ನಿಜ ಹೇಳ್ಬೇಕಂದ್ರೆ ತಪ್ಪು ಕಮ್ಮಿಯಾಗೋದು ನೆಪ. ಕಪ್ಪು ಸ್ಕ್ರೀನಿನಲ್ಲಿ ಅಕ್ಷರಗಳು ಜಲಪಾತದ ಥರ ಓಡ್ತಿದ್ರೆ ಪಕ್ಕದ ಮೇಜಿನವರು ತಿರುಗಿ ನೋಡ್ತಾರಲ್ಲ, ಆ ಆಸೆ.

(ಕಮಾಂಡುಗಳನ್ನೂ ಕನ್ನಡದಲ್ಲೇ ಬರೆದಿದ್ದೀವಿ. ಹಾಗೇ ಟರ್ಮಿನಲ್ಲಿಗೆ ಹಾಕಬೇಡಿ, ಅದು ನಮ್ಮಷ್ಟು ಅಭಿಮಾನಿ ಅಲ್ಲ.)

ಮೊದಲನೆಯದು ಆಟೋಜೆನ್ ಅನ್ನೋ ಸ್ಕ್ರಿಪ್ಟ್. ಓಡಿಸಿದ ಎರಡನೇ ಸೆಕೆಂಡಿಗೆ "ಸಮ್‌ಥಿಂಗ್ ವೆಂಟ್ ರಾಂಗ್, ಬೇಲಿಂಗ್ ಔಟ್!" ಅಂತ ಹೇಳಿ ಎದ್ದುಹೋಯ್ತು. ಏನು ರಾಂಗ್ ಅನ್ನೋದು ಅದರ ಮೇಲಿನ ಸಾಲಿನಲ್ಲಿತ್ತು, ನಾವು ಕೊನೆಯ ಸಾಲನ್ನ ಮಾತ್ರ ಓದಿದ್ವಿ. ಲಿಬ್‌ಟೂಲ್, ಆಟೋಕಾನ್ಫ್, ಪಿಕೆಜಿ-ಕಾನ್ಫಿಗ್ ಅನ್ನೋ ಉಪಕರಣಗಳು ಇರಲಿಲ್ಲ, ಹಾಕಿದ್ಮೇಲೆ ಸರಿಹೋಯ್ತು. ಆಮೇಲೆ ಕಾನ್ಫಿಗರ್. ಅದು ನೂರಾರು "ಚೆಕಿಂಗ್ ಫಾರ್" ಸಾಲು ಉದುರಿಸಿ, ಕೊನೆಗೆ "ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಮೇಲಿನದು ಬೇಕು" ಅಂತ ಎರರ್ ಕೊಟ್ಟು ನಿಂತಿತು.

ಲೆಪ್ಟೋನಿಕಾ ಅನ್ನೋದು ಚಿತ್ರಗಳನ್ನ ತೆರೆಯೋ, ಶುಚಿ ಮಾಡೋ ಲೈಬ್ರರಿ. ಟೆಸರಾಕ್ಟ್ ಅಕ್ಷರ ಓದುತ್ತೆ, ಚಿತ್ರದ ಫೈಲು ಬಿಚ್ಚಿ ಕೊಡೋ ಕೆಲಸ ಲೆಪ್ಟೋನಿಕಾದ್ದು. ನಮಗೆ ಕೋಪ ಬಂದಿದ್ದು ಯಾಕಂದ್ರೆ ಲೆಪ್ಟೋನಿಕಾ ನಮ್ಮಲ್ಲಿ ಇತ್ತು! ಆಪ್ಟ್‌ನಲ್ಲಿ ಹಾಕಿದ ಹಳೇ ಟೆಸರಾಕ್ಟ್ ಅದಿಲ್ಲದೆ ಓಡ್ತಿರಲಿಲ್ಲ. ಹುಡುಕಿದ್ರೆ ಲಿಬ್‌ಲೆಪ್ಟ್5 ಅನ್ನೋ ಪ್ಯಾಕೇಜ್ ಕಣ್ಣೆದುರಿಗೇ ಕೂತಿದೆ. ಇರೋ ಲೈಬ್ರರಿನ ಇಲ್ಲ ಅನ್ನುತ್ತಲ್ಲ ಇದು ಅಂತ ಜೋರಾಗೇ ಅಂದ್ವಿ ಅನ್ಸುತ್ತೆ. ಲೈಬ್ರರಿ ಸಾರ್ ಮೇಜಿನ ಹತ್ತಿರ ಬಂದ್ರು.

"ಏನ್ರಪ್ಪಾ ಗಲಾಟೆ?"

"ಲೈಬ್ರರಿ ಸಿಗ್ತಿಲ್ಲ ಸಾರ್."

ಅವರು ಸುತ್ತಲೂ ಒಂದು ಸಲ ನೋಡಿದ್ರು. "ಒಳಗೇ ಕೂತಿದ್ದೀರಲ್ಲೋ" ಅಂದು ಹೋದ್ರು.

ಇದು ಆಮೇಲೆ ಅರ್ಥವಾದ ಸಂಗತಿ, ಜೂನಿಯರ್‌ಗಳಿಗೆ ಉಪಯೋಗವಾದೀತು. ಒಂದು ಲೈಬ್ರರಿಯನ್ನ ಬಳಸೋರು ಎರಡು ಥರ. ಆಗಲೇ ತಯಾರಾದ ಪ್ರೋಗ್ರಾಮನ್ನ ಓಡಿಸೋರಿಗೆ ಎಸ್‌ಓ ಫೈಲ್ ಒಂದಿದ್ರೆ ಸಾಕು. ಕಂಪೈಲ್ ಮಾಡೋರಿಗೆ ಅದರ ಹೆಡರ್ ಫೈಲುಗಳೂ ಬೇಕು, ಪಿಕೆಜಿ-ಕಾನ್ಫಿಗ್‌ಗೆ ಲೈಬ್ರರಿಯ ವಿಳಾಸ ಹೇಳೋ ಪಿಸಿ ಫೈಲೂ ಬೇಕು. ಉಬುಂಟು, ಡೆಬಿಯನ್‌ನವರು ಇವನ್ನ ಬೇರೆ ಪ್ಯಾಕೇಜಿನಲ್ಲಿಟ್ಟು ಹೆಸರಿನ ಕೊನೆಗೆ "-ಡೆವ್" ಅಂತ ಬಾಲ ಅಂಟಿಸ್ತಾರೆ. ಫೆಡೋರಾದಲ್ಲಿ ಅದೇ ಬಾಲ "-ಡೆವೆಲ್". ಕಾನ್ಫಿಗರ್ ಲೈಬ್ರರಿ ಇಲ್ಲ ಅಂದ್ರೆ ಹತ್ತರಲ್ಲಿ ಒಂಬತ್ತು ಸಲ ಬಾಲ ಇಲ್ಲ ಅಂತ ಅರ್ಥ. ಇನ್ನೊಂದು ತರಲೆ ಏನಂದ್ರೆ ಹೆಸರು ಹೊಂದಲ್ಲ. ಲಿಂಕರ್ "ಮೈನಸ್ ಎಲ್‌ಜೆಡ್ ಸಿಗ್ತಿಲ್ಲ" ಅನ್ನುತ್ತೆ, ಅದು ಕೇಳ್ತಿರೋದು ಲಿಬ್‌ಜೆಡ್, ಪ್ಯಾಕೇಜಿನ ಹೆಸರು ಜೆಡ್‌ಲಿಬ್1ಜಿ-ಡೆವ್. ಹೀಗೆ ತಲೆಕೆಟ್ಟಾಗ ಆಪ್ಟ್-ಫೈಲ್ ಅನ್ನೋ ಉಪಕರಣ ಹಾಕಿಕೊಂಡು, ಎರರ್‌ನಲ್ಲಿರೋ ಹೆಡರಿನ ಹೆಸರು ಕೊಟ್ಟು ಹುಡುಕಿದ್ರೆ ಅದು ಯಾವ ಪ್ಯಾಕೇಜಿನಲ್ಲಿದೆ ಅಂತ ಹೇಳುತ್ತೆ.

ಎರರ್ ಮೆಸೇಜೇ ಕೊನೆಯಲ್ಲಿ "ಲಿಬ್‌ಲೆಪ್ಟೋನಿಕಾ-ಡೆವ್ ಹಾಕಿ ನೋಡಿ" ಅಂತ ಬರೆದಿತ್ತು. ಅಷ್ಟು ಒಳ್ಳೇ ಎರರ್ ಸಿಗೋದು ಅಪರೂಪ. ನಾವು ಓದಲಿಲ್ಲ. ಕೋಪದಲ್ಲಿ ಲೆಪ್ಟೋನಿಕಾವನ್ನೂ ಸೋರ್ಸ್‌ನಿಂದಲೇ ಕಂಪೈಲ್ ಮಾಡ್ತೀವಿ ಅಂತ ಹೊರಟ್ವಿ. 1.82ರ ಸೋರ್ಸ್ ಇಳಿಸಿದ್ವಿ. ಅದು ಒಂದೂ ಎರರ್ ಕೊಡದೆ ಕಂಪೈಲ್ ಆಯ್ತು, ಇನ್‌ಸ್ಟಾಲ್ ಆಯ್ತು. ಒಂದೂ ಎರರ್ ಬರದಿದ್ದಾಗಲೇ ಅನುಮಾನ ಬರಬೇಕಿತ್ತು.

ಮತ್ತೆ ಟೆಸರಾಕ್ಟ್‌ನ ಕಾನ್ಫಿಗರ್. ಈ ಸಲ ಲೆಪ್ಟೋನಿಕಾ ಸಿಕ್ತು. ಐಸಿಯು ಇಲ್ಲ, ಪ್ಯಾಂಗೋ ಇಲ್ಲ ಅಂತ ಏನೇನೋ ಬಂತು. ಅವೆಲ್ಲ ಎರರ್ ಅಲ್ಲ, ವಾರ್ನಿಂಗ್. ಹೊಸ ಭಾಷೆಗೆ ತರಬೇತಿ ಕೊಡೋ ಉಪಕರಣಗಳಿಗೆ ಬೇಕಾದವು, ನಮಗೆ ಬೇಡ. ಇದು ಗೊತ್ತಿಲ್ಲದೆ ಒಂದು ಗಂಟೆ ಪ್ಯಾಂಗೋ ಹಿಂದೆ ಅಲೆದ್ವಿ. ಮೇಕ್ ಓಡಿತು, ಪಕ್ಕದ ಮೇಜಿನವರು ತಿರುಗಿ ನೋಡಿದ್ರು, ಲ್ಯಾಪ್‌ಟಾಪ್ ಇಸ್ತ್ರಿಪೆಟ್ಟಿಗೆ ಆಯ್ತು. ಸುಡೋ ಮೇಕ್ ಇನ್‌ಸ್ಟಾಲ್. ಅಷ್ಟರಲ್ಲಿ ಲೈಬ್ರರಿ ಮುಚ್ಚೋ ಹೊತ್ತು. ಶನಿವಾರ ಬೆಳಿಗ್ಗೆ ಬಂದು ಟೆಸರಾಕ್ಟ್ ಅಂತ ಟೈಪ್ ಮಾಡಿದ್ರೆ:

"ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಟೆಸರಾಕ್ಟ್.ಎಸ್‌ಓ.5: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್."

ಹಾಸ್ಟೆಲಿನ ಸೀನಿಯರ್ ಒಬ್ಬರಿಗೆ ಫೋನ್ ಮಾಡಿದ್ವಿ. "5 ಇಲ್ಲ ತಾನೇ? ಹಳೇ ಟೆಸರಾಕ್ಟಿನ ಎಸ್‌ಓ.4 ಇರುತ್ತಲ್ಲ, ಅದಕ್ಕೇ 5 ಅಂತ ಒಂದು ಲಿಂಕ್ ಮಾಡಿಬಿಡಿ" ಅಂದ್ರು. ಮಾಡಿದ್ವಿ. ಲೋಡಿಂಗ್ ಎರರ್ ಹೋಯ್ತು, ಅದರ ಜಾಗಕ್ಕೆ ಸಿಂಬಲ್ ಲುಕಪ್ ಎರರ್ ಬಂತು. ಆ ಕೊನೆಯ ಅಂಕಿ ಸುಮ್ನೆ ಹಾಕಿರೋದಲ್ಲ. ಒಳಗಿನ ಫಂಕ್ಷನ್‌ಗಳು ಹಳೇ ಪ್ರೋಗ್ರಾಮಿಗೆ ಹೊಂದದಷ್ಟು ಬದಲಾದಾಗ ಆ ಅಂಕಿಯನ್ನ ಬದಲಾಯಿಸ್ತಾರೆ. ನಾವು ಮಾಡಿದ್ದು ಇನ್ನೊಬ್ಬರ ಹಾಲ್ ಟಿಕೆಟಿಗೆ ನಮ್ಮ ಫೋಟೋ ಅಂಟಿಸಿದ ಹಾಗೆ. ಗೇಟ್ ದಾಟಬಹುದು, ಒಳಗೆ ಸಿಕ್ಕಿಬೀಳ್ತೀವಿ. ಲಿಂಕನ್ನ ಅಳಿಸಿದ್ವಿ. ಇಂಟರ್ನೆಟ್ಟಿನಲ್ಲಿ ಈ ಉಪಾಯ ಹೇಳೋರು ತುಂಬ ಜನ ಇದ್ದಾರೆ, ಕೇಳಬೇಡಿ.

ಫೈಲ್ ನಿಜವಾಗ್ಲೂ ಇದೆಯಾ ಅಂತ ನೋಡಿದ್ರೆ /ಯುಎಸ್ಆರ್/ಲೋಕಲ್/ಲಿಬ್ ಒಳಗೆ ಲಿಬ್‌ಟೆಸರಾಕ್ಟ್.ಎಸ್‌ಓ.5 ಆರಾಮಾಗಿ ಮಲಗಿದೆ. ಮತ್ತೆ ಅದೇ ಕತೆ, ಇರೋದನ್ನ ಇಲ್ಲ ಅನ್ನೋದು.

ಆ ಹೊತ್ತಿಗೆ ಲೈಬ್ರರಿ ಸಾರ್ ಎದುರಿನ ಮೇಜಿನಲ್ಲಿ ಹೊಸ ಪುಸ್ತಕಗಳ ರಾಶಿ ಇಟ್ಟುಕೊಂಡು ಅಕ್ಸೆಷನ್ ರಿಜಿಸ್ಟರಿಗೆ ಒಂದೊಂದೇ ಬರೀತಿದ್ರು. ಹುಡುಗಿಯೊಬ್ಬಳು ಬಂದು ಆ ರಾಶಿಯಲ್ಲಿದ್ದ ಸಿಗ್ನಲ್ಸ್ ಪುಸ್ತಕ ಕೇಳಿದ್ಲು. "ಇನ್ನೂ ರಿಜಿಸ್ಟರಿಗೆ ಹತ್ತಿಲ್ಲಮ್ಮ. ಹತ್ತೋವರೆಗೂ ನಮ್ಮ ಲೆಕ್ಕದಲ್ಲಿ ಆ ಪುಸ್ತಕ ಇಲ್ಲ" ಅಂದ್ರು. ಪುಸ್ತಕ ಅವರ ಕೈಯಲ್ಲೇ ಇತ್ತು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ ಅಂತ ಬರೆದ್ರೆ ಸಿನಿಮಾ ಥರ ಆಗುತ್ತೆ. ನೋಡಿಕೊಳ್ಳಲಿಲ್ಲ. ನಿಜವಾದ ಉತ್ತರ ಸಿಕ್ಕಿದ್ದು ಅರ್ಧ ಗಂಟೆ ಆದ್ಮೇಲೆ, ಟೆಸರಾಕ್ಟ್‌ನ ಇನ್‌ಸ್ಟಾಲ್ ಸೂಚನೆಯ ಕೊನೇ ಸಾಲಿನಲ್ಲಿ: ಸುಡೋ ಎಲ್‌ಡಿಕಾನ್ಫಿಗ್. ಆದ್ರೆ ಅದು ಏನು ಮಾಡುತ್ತೆ ಅಂತ ಓದಿದಾಗ ಸಾರ್ ಮಾತು ನೆನಪಾಯ್ತು. ಪ್ರೋಗ್ರಾಂ ಶುರುವಾದಾಗ ಲೋಡರ್ ಡಿಸ್ಕಿನ ಎಲ್ಲ ಮೂಲೆಯಲ್ಲೂ ಹುಡುಕಲ್ಲ. /ಇಟಿಸಿ ಒಳಗಿರೋ ಎಲ್‌ಡಿ.ಎಸ್‌ಓ.ಕ್ಯಾಶ್ ಅನ್ನೋ ಒಂದು ಪಟ್ಟಿ ನೋಡುತ್ತೆ. ಹೊಸ ಲೈಬ್ರರಿ ಬಂದಾಗ ಆ ಪಟ್ಟಿಗೆ ಬರೆಯೋ ಗುಮಾಸ್ತ ಎಲ್‌ಡಿಕಾನ್ಫಿಗ್. ಆಪ್ಟ್ ಆದ್ರೆ ತಾನೇ ಬರೆಸುತ್ತೆ, ಸೋರ್ಸ್‌ನಿಂದ ಹಾಕಿದ್ರೆ ನಾವೇ ಬರೆಸಬೇಕು.

ಬರೆಸಿದ್ವಿ. ಟೆಸರಾಕ್ಟ್ 5 ಎದ್ದು ಕೂತಿತು. ಒಬ್ಬ ಕ್ಯಾಂಟೀನಿಗೆ ಓಡಿ ಮೂರು ಟೀ ತಂದ, ಒಳಗೆ ಬಿಡಲ್ಲ ಅಂತ ಮೆಟ್ಟಿಲ ಮೇಲೆ ನಿಂತು ಕುಡಿದ್ವಿ. ಒಳಗೆ ಬಂದು ಹದಿನಾಲ್ಕನೇ ಪುಟದ ಪಿಎನ್‌ಜಿ ಕೊಟ್ಟ್ವಿ. "ಪಿಕ್ಸ್‌ರೀಡ್‌ಸ್ಟ್ರೀಮ್‌ಪಿಎನ್‌ಜಿ: ಫಂಕ್ಷನ್ ನಾಟ್ ಪ್ರೆಸೆಂಟ್."

ಸರಿ, ಹೊಸದು ಬೇಡ, ಹಳೇ 4.1.1 ಇದೆಯಲ್ಲ, ಅದರಲ್ಲೇ ಮುಗಿಸೋಣ ಅಂತ /ಯುಎಸ್ಆರ್/ಬಿನ್‌ನಲ್ಲಿದ್ದ ಹಳೆಯದನ್ನ ಓಡಿಸಿದ್ವಿ. ನಿನ್ನೆ ಸಂಜೆ ಚೆನ್ನಾಗಿ ಓದ್ತಿದ್ದದ್ದು ಅದು. ಅದಕ್ಕೂ ಅದೇ ಎರರ್. ಮುಟ್ಟೇ ಇಲ್ಲದ ಪ್ರೋಗ್ರಾಂ ರಾತ್ರೋರಾತ್ರಿ ಕೆಟ್ಟಿತ್ತು.

ಶನಿವಾರ ಮಧ್ಯಾಹ್ನ ಎರಡು ಗಂಟೆ. ಭಾನುವಾರ ಲೈಬ್ರರಿ ಅರ್ಧ ದಿನ. ಅರವತ್ನಾಲ್ಕು ಪುಟದಲ್ಲಿ ನಮ್ಮ ಕೈಯಲ್ಲಿದ್ದದ್ದು ಒಂದು ಪುಟ. ಸ್ಕ್ಯಾನ್ ಇದೆಯಲ್ಲ, ಆಮೇಲೆ ಮಾಡಬಹುದು ಅಂತ ನೀವು ಹೇಳ್ಬಹುದು. ಆದ್ರೆ ಮಸುಕಾದ ಕಡೆ ಮೂಲ ಪುಸ್ತಕ ಎದುರಿಗಿಟ್ಟುಕೊಂಡು ನೋಡದೆ ತಿದ್ದೋಕೆ ಆಗಲ್ಲ. ಸ್ಕ್ಯಾನಿನಲ್ಲಿ ಅನುಸ್ವಾರ ಯಾವುದು, ನೊಣ ಯಾವುದು ಗೊತ್ತಾಗಲ್ಲ. ನಮ್ಮಲ್ಲೊಬ್ಬ ಹೇಳದೆ ಕೇಳದೆ ಒಂದು ಕಿಟಕಿ ತೆರೆದು ಎರಡನೇ ಪುಟ ಕೈಯಲ್ಲೇ ಟೈಪ್ ಮಾಡೋಕೆ ಶುರು ಮಾಡಿದ. ಅರ್ಧ ಗಂಟೆಯಲ್ಲಿ ಏಳು ಸಾಲು. ಮಾತಾಡದೆ ಕೂತಿದ್ವಿ.

ಎಲ್‌ಡಿಡಿ ಅನ್ನೋ ಕಮಾಂಡ್ ಗೊತ್ತಾಗಿದ್ದು ಆಗ. ಒಂದು ಪ್ರೋಗ್ರಾಂ ಯಾವ್ಯಾವ ಲೈಬ್ರರಿಯನ್ನ ಎಲ್ಲೆಲ್ಲಿಂದ ತೆಗೆದುಕೊಳ್ತಿದೆ ಅಂತ ಅದು ಪಟ್ಟಿ ಕೊಡುತ್ತೆ, ಇಲ್ಲದ್ದಕ್ಕೆ ನಾಟ್ ಫೌಂಡ್ ಅನ್ನುತ್ತೆ. ಹಳೇ ಟೆಸರಾಕ್ಟ್ ಮೇಲೆ ಓಡಿಸಿದ್ರೆ ನಾಟ್ ಫೌಂಡ್ ಒಂದೂ ಇಲ್ಲ. ಎಲ್ಲ ಸರಿ ಇದೆ, ಒಂದು ಸಾಲು ಬಿಟ್ಟು: ಲಿಬ್‌ಲೆಪ್ಟ್.ಎಸ್‌ಓ.5 ಬರ್ತಿರೋದು /ಯುಎಸ್ಆರ್/ಲೋಕಲ್/ಲಿಬ್‌ನಿಂದ. ಅಂದ್ರೆ ನಾವು ಕೋಪದಲ್ಲಿ ಕಟ್ಟಿದ ಲೆಪ್ಟೋನಿಕಾ. ಎರಡಕ್ಕೂ ಹೆಸರು ಒಂದೇ, ಪಟ್ಟಿಯಲ್ಲಿ ಲೋಕಲ್ ಫೋಲ್ಡರಿನದು ಮೊದಲು ಬರುತ್ತೆ. ನಿನ್ನೆಯವರೆಗೂ ನಮ್ಮದು ಪಟ್ಟಿಗೆ ಹತ್ತಿರಲಿಲ್ಲ, ಅದಕ್ಕೇ ಹಳೆಯದು ಓಡ್ತಿತ್ತು. ಎಲ್‌ಡಿಕಾನ್ಫಿಗ್ ಕೈಯಲ್ಲಿ ಬರೆಸಿ ನಾವೇ ಕೆಡಿಸಿದ್ವಿ.

ಇನ್ನು ನಮ್ಮ ಲೆಪ್ಟೋನಿಕಾಗೆ ಏನಾಗಿದೆ? ಟೆಸರಾಕ್ಟ್‌ಗೆ ವರ್ಷನ್ ಕೇಳಿದ್ರೆ ತನ್ನದರ ಜೊತೆ ಲೆಪ್ಟೋನಿಕಾದ್ದನ್ನೂ, ಅದರ ಕೆಳಗೆ ಲೆಪ್ಟೋನಿಕಾ ಯಾವ ಯಾವ ಚಿತ್ರದ ಲೈಬ್ರರಿ ಸೇರಿಸಿಕೊಂಡಿದೆ ಅನ್ನೋದನ್ನೂ ಹೇಳುತ್ತೆ. ಲಿಬ್‌ಪಿಎನ್‌ಜಿ, ಲಿಬ್‌ಜೆಪೆಗ್, ಲಿಬ್‌ಟಿಫ್ ಅಂತ ಸಾಲಾಗಿ ಇರಬೇಕಾದ ಜಾಗ ನಮ್ಮಲ್ಲಿ ಖಾಲಿ. ಅವುಗಳ ಡೆವ್ ಪ್ಯಾಕೇಜು ಇರಲಿಲ್ಲ. ಲೆಪ್ಟೋನಿಕಾಗೆ ಅವು ಕಡ್ಡಾಯ ಅಲ್ಲ, ಇದ್ರೆ ಸೇರಿಸಿಕೊಳ್ಳುತ್ತೆ, ಇಲ್ದಿದ್ರೆ ಸುಮ್ನೆ ಮುಂದೆ ಹೋಗುತ್ತೆ. ಅದರ ಕಾನ್ಫಿಗ್.ಲಾಗ್ ತೆರೆದು ನೋಡಿದ್ರೆ ಪಿಎನ್‌ಜಿ ಎದುರಿಗೆ "ನೋ" ಅಂತ ಶುಕ್ರವಾರವೇ ಬರೆದಿತ್ತು.

ಕೂಗಾಡಿ ನಿಂತುಹೋಗೋ ಎರರ್‌ಗಿಂತ ಇಂಥ ಮೌನವೇ ಅಪಾಯ. ಲೆಪ್ಟೋನಿಕಾದವರನ್ನ ಬೈಯೋ ಹಾಗೂ ಇಲ್ಲ, ಟಿಫ್ ಮಾತ್ರ ಬೇಕಾದವರಿಗೆ ಪಿಎನ್‌ಜಿ ಯಾಕೆ ಕಡ್ಡಾಯ ಮಾಡಬೇಕು?

ಲಿಬ್‌ಪಿಎನ್‌ಜಿ, ಲಿಬ್‌ಜೆಪೆಗ್, ಲಿಬ್‌ಟಿಫ್, ಜೆಡ್‌ಲಿಬ್ ನಾಲ್ಕರದ್ದೂ ಡೆವ್ ಹಾಕಿ, ಲೆಪ್ಟೋನಿಕಾವನ್ನ ಮೇಕ್ ಕ್ಲೀನ್ ಮಾಡಿ, ಕಾನ್ಫಿಗರ್‌ನಿಂದ ಮತ್ತೆ ಶುರು ಮಾಡಿದ್ವಿ. ಮೇಕ್ ಮಾತ್ರ ಓಡಿಸಿದ್ರೆ ಸಾಲದು, ಹಳೇ "ನೋ" ಹಾಗೇ ಉಳಿಯುತ್ತೆ. ಟೆಸರಾಕ್ಟನ್ನ ಮುಟ್ಟೋ ಅಗತ್ಯವೇ ಬರಲಿಲ್ಲ. ಶೇರ್ಡ್ ಲೈಬ್ರರಿಯ ಸುಖ ಅದು, ಒಂದನ್ನ ಸರಿ ಮಾಡಿದ್ರೆ ಬಳಸೋ ಎಲ್ಲವೂ ಸರಿಹೋಗುತ್ತೆ. ಒಂದನ್ನ ಕೆಡಿಸಿದ್ರೂ ಹಾಗೇ. ಕನ್ನಡದ ಡೇಟಾ ಫೈಲನ್ನ /ಯುಎಸ್ಆರ್/ಲೋಕಲ್/ಶೇರ್/ಟೆಸ್‌ಡೇಟಾಕ್ಕೆ ಕಾಪಿ ಮಾಡಿದ್ದು ಕೊನೆಯ ಕೆಲಸ. ಐದೂವರೆಗೆ ಹದಿನಾಲ್ಕನೇ ಪುಟ ಸ್ಕ್ರೀನಿನ ಮೇಲೆ ಬಂತು.

ಹಳೆಯದರಲ್ಲೂ ಹೊಸದರಲ್ಲೂ ಒಂದೇ ಪುಟ ಓದಿಸಿ ಅಕ್ಕಪಕ್ಕ ಇಟ್ಟು ನೋಡಿದ್ವಿ. ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಎರಡೂ ಓದ್ತಿದ್ದದ್ದು ಒಂದೇ ಡೇಟಾ ಫೈಲ್ ಇಟ್ಟುಕೊಂಡು, ಇನ್ನೇನಾಗುತ್ತೆ. ಕ್ಲಬ್ಬಿನ ಮೀಟಿಂಗಿನಲ್ಲಿ ಇದನ್ನ ಹೇಳಿರಲಿಲ್ಲ, ಈಗ ಹೇಳಿದ್ದೀವಿ.

ಭಾನುವಾರ ತಿದ್ದೋ ಕೆಲಸ. ಒಬ್ಬ ಸ್ಕ್ರೀನ್ ನೋಡಿ ಜೋರಾಗಿ ಓದೋದು, ಇನ್ನೊಬ್ಬ ಪುಸ್ತಕ ನೋಡೋದು, ಮತ್ತೊಬ್ಬ ಟೈಪ್ ಮಾಡೋದು. ಯಂತ್ರಕ್ಕೆ ಸೊನ್ನೆಗೂ ಅನುಸ್ವಾರಕ್ಕೂ ವ್ಯತ್ಯಾಸ ತಿಳಿಯಲ್ಲ, ಅರ್ಕಾವತ್ತು ಎಲ್ಲಿ ಬೇಕೋ ಅಲ್ಲಿ ಕೂರುತ್ತೆ, ಪ ಇದ್ದ ಕಡೆ ಷ. ಅದರ ತಪ್ಪು ಹಿಡಿಯೋಕೆ ಹೋಗಿ ನಮ್ಮ ತಪ್ಪು ಬಯಲಾಯ್ತು. ಓದ್ತಾ ಓದ್ತಾ ತಡವರಿಸೋದು, ದೊಡ್ಡ ಪದ ಬಂದ್ರೆ ಮಧ್ಯದಲ್ಲಿ ಉಸಿರು ತಗೊಳ್ಳೋದು. ಓದೋ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಲೈಬ್ರರಿ ಸಾರ್ ಒಬ್ಬರೇ. ರಜೆಯಾದ್ರೂ ನಮಗೋಸ್ಕರ ಒಂದು ಗಂಟೆ ಹೆಚ್ಚಿಗೆ ಕೂತಿದ್ರು.

ಐವತ್ತೆಂಟನೇ ಪುಟದಲ್ಲಿ ಒಂದು ಚಿಕ್ಕ ಬರಹ. ಲೈಬ್ರರಿಯನ್ನ ಹಳೇ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಸಾಗಿಸಿದ ದಿನದ್ದು. ಓದ್ತಿದ್ದವನು "ಗೆದ್ದರು ಹಿಡಿದ ಪುಸ್ತಕಗಳನ್ನು ಬೇರೆ ಮೂಟೆ ಕಟ್ಟಿ" ಅಂತ ಓದಿದ. ಗೆದ್ದರು ಅಂದ್ರೆ ಗೆದ್ದವರು, ಬಹುಮಾನದ ಪುಸ್ತಕ ಇರಬೇಕು ಅಂತ ಮುಂದೆ ಹೋದ್ವಿ. ಪುಸ್ತಕ ನೋಡ್ತಿದ್ದವನಿಗೂ ಅನುಮಾನ ಬರಲಿಲ್ಲ.

"ಗೆದ್ದಲು" ಅಂದ್ರು ಸಾರ್, ತಮ್ಮ ಮೇಜಿನಿಂದಲೇ, ತಲೆ ಎತ್ತದೆ. "ಮರ ತಿನ್ನುತ್ತಲ್ಲ, ಹುಳ. ಗೆದ್ದಲು ಹಿಡಿದ ಪುಸ್ತಕಗಳನ್ನು ಬೇರೆ ಮೂಟೆ ಕಟ್ಟಿ ಹಿತ್ತಲಿಗೆ ಹೊತ್ತೆವು. ಅದು ಹಾಗಿರೋದು."

ಪುಸ್ತಕ ನಮ್ಮ ಹತ್ತಿರ ಇತ್ತು. "ನಿಮಗೆ ಹೇಗೆ ಗೊತ್ತು ಸಾರ್?"

"ಬರೆದವನಿಗೆ ಗೊತ್ತಿರಲ್ವೇನ್ರಪ್ಪಾ?"

ಬರಹದ ಕೆಳಗೆ ಹೆಸರಿನ ಜಾಗದಲ್ಲಿ "ಗ್ರಂಥಾಲಯ ಸಹಾಯಕ" ಅಂತ ಮಾತ್ರ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಬರೆದದ್ದಂತೆ. ಆಮೇಲೆ ಏನೂ ಬರೆದಿಲ್ಲವಂತೆ. ಪುಸ್ತಕ ಕೊಡೋವಾಗ ಯಾಕೆ ಹೇಳಲಿಲ್ಲ ಅಂದ್ರೆ, "ನೀವು ಅಲ್ಲೀವರೆಗೂ ಓದ್ತೀರಾ ಅಂತ ಗೊತ್ತಿರಲಿಲ್ಲ" ಅಂದ್ರು. ಆಮೇಲಿನ ಆರು ಪುಟ ಅವರೇ ಓದಿದ್ರು, ನಾವು ಟೈಪ್ ಮಾಡಿದ್ವಿ. ನಮ್ಮ ಅರ್ಧ ದಿನದ ಕೆಲಸ ಅವರ ಬಾಯಲ್ಲಿ ಮುಕ್ಕಾಲು ಗಂಟೆ ಆಯ್ತು.

ಸೋಮವಾರ ಬೆಳಿಗ್ಗೆ ಪುಸ್ತಕ ವಾಪಸ್ ಕೊಟ್ಟು ರಿಜಿಸ್ಟರಿಗೆ ಸಹಿ ಹಾಕಿದ್ವಿ. ಅರವತ್ಮೂರು ಪುಟ ಈ ಸಂಚಿಕೆಯ ಜೊತೆ ಪ್ರಕಟವಾಗ್ತಿದೆ, ಐವತ್ತೆಂಟನೆಯದು ಈ ಸಲ ಹೆಸರಿನ ಸಮೇತ. ನಲವತ್ತೊಂದನೇ ಪುಟ ಬಾಕಿ ಇದೆ. ಅದು ಒಂದು ಪದ್ಯ, ಮೇಲೆ ನೀರು ಬಿದ್ದು ಮಸಿ ಹರಡಿದೆ, ಟೆಸರಾಕ್ಟಿಗೂ ಬರಲಿಲ್ಲ, ಸಾರ್‌ಗೂ ನೆನಪಿಲ್ಲ. ಸ್ಕ್ಯಾನ್ ನಮ್ಮ ಹತ್ತಿರ ಇದೆ. ಹಳೇ ಅಚ್ಚು ಓದಿ ಅಭ್ಯಾಸ ಇರೋರು ಯಾರಾದ್ರೂ ಇದ್ರೆ ಗುರುವಾರ ನಾಲ್ಕೂವರೆ ಆದ್ಮೇಲೆ ಓದೋ ಕೋಣೆಗೆ ಬನ್ನಿ, ಮೂಲೆಯ ಮೇಜಿನಲ್ಲಿರ್ತೀವಿ.